ಹೂಳಿಕೆದಾರರಿಗೆ ಸ್ವಾಗತ

ಮೊದಲೇ ಹೇಳಿಬಿಡುತ್ತೇನೆ, ಆ ಕಮಾನಿನ ಮೇಲಿದ್ದ ತಪ್ಪು ನನ್ನದು. ನನ್ನ ಗಂಡನದಲ್ಲ, ಅವರ ಬ್ರಷ್ಷಿನದಂತೂ ಅಲ್ಲವೇ ಅಲ್ಲ. ಊರವರು ಇವತ್ತಿಗೂ ಅದನ್ನು ‘ಪೇಂಟರ್ ಮಾಡಿದ ಎಡವಟ್ಟು’ ಎಂದೇ ಹೇಳಿಕೊಂಡು ತಿರುಗುತ್ತಾರೆ. ನೂರು ಜನರ ಎದುರು ನಾನೇ ಒಪ್ಪಿಕೊಂಡಿದ್ದೇನೆ, ಆದರೂ ಕೇಳುವುದಿಲ್ಲ. ಹಿಟ್ಟಿನ ಗಿರಣಿಯವಳ ತಪ್ಪು ಎಂದರೆ ಕಥೆಗೆ ರುಚಿ ಕಡಿಮೆಯಂತೆ. ಅದಕ್ಕೇ ನಾನೇ ಹೇಳಲು ಕೂತಿದ್ದೇನೆ.

ಹೌದು, ಹಿಟ್ಟಿನ ಗಿರಣಿ ನನ್ನದು. ಬೆಳಗ್ಗೆ ಎಂಟಕ್ಕೆ ಬೆಲ್ಟ್ ಏರಿಸಿದರೆ ಸಂಜೆ ಐದರವರೆಗೂ ಗಡಗಡ ಗಡಗಡ. ಅದರ ಜೊತೆ ಮಾತಾಡಿ ಮಾತಾಡಿ ನನ್ನ ಗಂಟಲು ಸ್ವಲ್ಪ ದೊಡ್ಡದಾಗಿದೆ. ಮನೆಯಲ್ಲಿ ಕೂತು ಉಪ್ಪು ಎಲ್ಲಿ ಎಂದು ಕೇಳಿದರೆ ಪಕ್ಕದ ಮನೆಯವರು ಉಪ್ಪು ತಂದುಕೊಡುತ್ತಾರೆ. ಓದಿದ್ದು ನಾಲ್ಕನೇ ಕ್ಲಾಸು. ನನ್ನ ಕಾಲಕ್ಕೆ ಈ ಊರಿನ ಶಾಲೆ ನಾಲ್ಕಕ್ಕೇ ಮುಗಿಯುತ್ತಿತ್ತು. ಓದು ಬಿಟ್ಟವಳು ನಾನಲ್ಲ, ಓದೇ ನನ್ನನ್ನು ಬಿಟ್ಟು ಹೋಯಿತು. ಆದರೆ ಆ ನಾಲ್ಕನ್ನು ನಾನು ಇಪ್ಪತ್ತು ವರ್ಷ ಎಲ್ಲರ ಮುಂದೆ ಮೆರೆಸಿದ್ದೇನೆ, ಅದರಲ್ಲೂ ನನ್ನ ಗಂಡನ ಮುಂದೆ.

ಅವರು ಬೋರ್ಡು ಬರೆಯುವ ಪೇಂಟರ್. ಅವರ ಅಕ್ಷರ ನೋಡಬೇಕು ನೀವು! ದಾರಕ್ಕೆ ಸುಣ್ಣದ ಪುಡಿ ಸವರಿ, ಗೋಡೆಗೆ ಬಿಗಿಯಾಗಿ ಹಿಡಿದು ಟಪ್ ಎಂದು ಹೊಡೆದು ಗೆರೆ ಬೀಳಿಸಿ, ಆ ಗೆರೆಯ ಮೇಲೆ ಒಂದೊಂದೇ ಅಕ್ಷರವನ್ನು ಕೂರಿಸಿದರೆಂದರೆ, ಹಲ್ಲಿನ ಡಾಕ್ಟರ ಬೋರ್ಡ್ ನೋಡಿದವರಿಗೂ ಹಲ್ಲು ಕೀಳಿಸಿಕೊಳ್ಳುವ ಆಸೆ ಬರಬೇಕು. ಇಂಥ ಮನುಷ್ಯನಿಗೆ ಒಂದಕ್ಷರವೂ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಮದುವೆಯಾದ ಎಂಟನೇ ದಿನ. ಗಿರಾಕಿಯೊಬ್ಬರು ಬರೆದುಕೊಟ್ಟ ಚೀಟಿಯನ್ನು ಅಂಗಳದಲ್ಲಿ ಕೂತು ಸ್ಕೇಲು ಹಿಡಿದು ಅಳೆಯುತ್ತಿದ್ದರು. ಚೀಟಿ ತಲೆಕೆಳಗಾಗಿತ್ತು.

‘ರೀ, ಅದು ಉಲ್ಟಾ ಇದೆ’ ಎಂದೆ.

ಅವರು ಗಾಬರಿಯಿಂದ ಜೇಬು ಮುಟ್ಟಿಕೊಂಡು, ‘ಕನ್ನಡಕ ಮರೆತೆ ಕಣೇ’ ಎಂದರು.

‘ನಿಮಗೆ ಕನ್ನಡಕ ಯಾವಾಗ ಬಂತು? ಇಪ್ಪತ್ನಾಲ್ಕು ವರ್ಷಕ್ಕೆ?’

ಅವರು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ತೆರೆದು ನೋಡಿದರೆ ಖಾಲಿ. ಒಳಗಿನ ಮೆತ್ತನೆಯ ಬಟ್ಟೆ ಹೊಸದಾಗಿಯೇ ಇತ್ತು. ಹತ್ತು ವರ್ಷದಿಂದ ಆ ಖಾಲಿ ಡಬ್ಬಿ ಇಟ್ಟುಕೊಂಡೇ ಅವರು ಊರಿನ ಕಣ್ಣಿಗೆ ಮಣ್ಣೆರಚಿದ್ದರು. ನನಗೆ ನಗು ಬಂತು, ಆಮೇಲೆ ಅವರ ಮುಖ ನೋಡಿ ಅಳು ಬಂತು. ಗುಟ್ಟು ನಮ್ಮಿಬ್ಬರಲ್ಲೇ ಉಳಿಯಿತು. ಅಂದಿನಿಂದ ಗಿರಾಕಿ ಹೇಳಿದ್ದನ್ನು ನಾನು ಚೀಟಿಯಲ್ಲಿ ದೊಡ್ಡದಾಗಿ ಬರೆದು, ಮೇಲ್ಗಡೆ ಯಾವುದು ಎಂದು ಗೊತ್ತಾಗಲು ಒಂದು ಚುಕ್ಕಿ ಇಟ್ಟುಕೊಡುವುದು, ಅವರು ಅದನ್ನು ನೋಡಿ ಗೋಡೆಯ ಮೇಲೆ ಬಿಡಿಸುವುದು. ಅಕ್ಷರಗಳ ಹೆಸರು ಗೊತ್ತಿಲ್ಲದ ಅವರು ತಾವೇ ಹೆಸರಿಟ್ಟುಕೊಂಡಿದ್ದರು. ಠ ಎಂದರೆ ‘ಬೊಟ್ಟಿನ ಉಂಡೆ’. ಟ ಎಂದರೆ ‘ಕೊಕ್ಕೆ’. ಳ ಎಂದರೆ ‘ಕಾಲು ಮಡಚಿ ಕೂತವನು’.

ಈ ಕನ್ನಡಕದ ಕಾಯಿಲೆ ನಮ್ಮ ಮನೆಗೆ ಮಾತ್ರ ಇತ್ತು ಎಂದುಕೊಂಡಿರಾ? ಊರಿಗೆಲ್ಲ ಇತ್ತು. ಬಸ್ಸಿನ ಬೋರ್ಡ್ ನೋಡಿ ‘ಕನ್ನಡಕ ತಂದಿಲ್ಲ, ಇದು ಎಲ್ಲಿಗೆ ಹೋಗುತ್ತೆ?’ ಆಸ್ಪತ್ರೆಯಲ್ಲಿ ‘ಕನ್ನಡಕ ಮನೇಲಿದೆ, ಎಲ್ಲಿ ಸಹಿ ಹಾಕ್ಲಿ?’ ಇದನ್ನೆಲ್ಲ ಕೇಳಿಸಿಕೊಂಡ ಹೊರಗಿನವರೊಬ್ಬರು, ಇಷ್ಟು ಜನಕ್ಕೆ ಕಣ್ಣು ಕಾಣುವುದಿಲ್ಲವೆಂದರೆ ವ್ಯಾಪಾರ ಜೋರಾಗಿ ನಡೆಯುತ್ತದೆ ಎಂದು ಬಸ್ ನಿಲ್ದಾಣದ ಎದುರು ಕನ್ನಡಕದ ಅಂಗಡಿ ತೆರೆದರು. ಮೂರು ತಿಂಗಳಲ್ಲಿ ಬಾಗಿಲು ಹಾಕಿಕೊಂಡು ಹೋದರು. ಖಾಲಿ ಡಬ್ಬಿಗಳು ಮಾತ್ರ ಚೆನ್ನಾಗಿ ಖರ್ಚಾದವಂತೆ.

ನಮಗೆ ಒಬ್ಬಳೇ ಮಗಳು. ನನ್ನ ಗಂಟಲು ಬಂದಿಲ್ಲ, ಪುಣ್ಯ. ಬಂದದ್ದು ಅಪ್ಪನ ಕೈ. ತಲೆ ಮಾತ್ರ ಯಾರದೋ ಗೊತ್ತಿಲ್ಲ, ಸಿಕ್ಕಿದ್ದೆಲ್ಲ ಓದುತ್ತಾಳೆ. ಕಾಳು ಕಟ್ಟಿಕೊಂಡು ಬಂದ ಹಳೇ ಪೇಪರನ್ನು ಓದದೆ ಒಲೆಗೆ ಹಾಕಲು ಬಿಡುವುದಿಲ್ಲ. ಆ ವರ್ಷ ಏಳನೇ ಕ್ಲಾಸಿನಲ್ಲಿದ್ದಳು. ನನ್ನ ಎದೆಯಲ್ಲಿ ಕಲ್ಲು ಕೂತಿದ್ದೂ ಅದಕ್ಕೇ. ನನ್ನ ಕಾಲಕ್ಕೆ ನಾಲ್ಕಕ್ಕೆ ನಿಂತಿದ್ದ ಶಾಲೆ ಅವಳ ಕಾಲಕ್ಕೆ ಏಳಕ್ಕೆ ಬಂದು ನಿಂತಿತ್ತು. ಮುಂದಕ್ಕೆ ಓದಬೇಕೆಂದರೆ ಎರಡು ಬಸ್ ಬದಲಿಸಿ ಹೋಗಬೇಕು. ಹೋಗುವ ಬಸ್ಸೇನೋ ಇತ್ತು, ಬರುವ ಬಸ್ಸು ಮನಸ್ಸಾದ ದಿನ ಬರುತ್ತಿತ್ತು. ಹಾಗಾಗಿ ಏಳು ಮುಗಿಸಿದ ಹುಡುಗಿಯರೆಲ್ಲ ಮನೆಯಲ್ಲೇ ಕೂರುತ್ತಿದ್ದರು.

ಎಂಟನೇ ಕ್ಲಾಸಿಗೆ ಅನುಮತಿ ಬಂದು ಎರಡು ವರ್ಷವಾಗಿತ್ತು. ಶಾಲೆಯ ಹಿಂದೆ ಎರಡು ಕೋಣೆಗಳ ಗೋಡೆಯೂ ಎದ್ದಿತ್ತು. ಇಲ್ಲದ್ದು ಸೂರು. ಸೂರಿಲ್ಲದ ಕೋಣೆಯಲ್ಲಿ ಪಾಠ ಮಾಡಬಾರದೆಂದು ನಿಯಮವಂತೆ. ಹಾಗಾಗಿ ಪುರಸಭೆಯವರು ಆ ಎರಡೂ ಕೋಣೆಯನ್ನು ಗೋಡೌನ್ ಮಾಡಿಕೊಂಡು ಮುರಿದ ಕುರ್ಚಿ, ತುಕ್ಕು ಹಿಡಿದ ಬೀದಿದೀಪದ ಕಂಬ ತುಂಬಿದ್ದರು. ಸೂರಿಗೆಂದು ಕೊನೆಗೂ ಹಣ ಬಂದ ದಿನ ನಮ್ಮ ದೊಡ್ಡ ಮೇಡಂ, ಅಂದರೆ ಶಾಲೆಯ ಮುಖ್ಯಸ್ಥೆ, ಗಿರಣಿಗೇ ಬಂದು ಹೇಳಿದ್ದರು. ‘ನಿನ್ನ ಮಗಳೇ ಎಂಟನೇ ಕ್ಲಾಸಿನ ಮೊದಲ ಹಾಜರಿ’ ಎಂದಿದ್ದರು. ನಾನು ಆ ಖುಷಿಯಲ್ಲಿ ಯಾರದೋ ಕಾಳನ್ನು ಎರಡು ಸಲ ಬೀಸಿಬಿಟ್ಟಿದ್ದೆ.

ಅಷ್ಟರಲ್ಲಿ ನಡುವೆ ಬಂದರು ಅಧ್ಯಕ್ಷರು.

ಪುರಸಭೆಯ ಅಧ್ಯಕ್ಷರಿಗೆ ಊರಿನಲ್ಲಿ ರಿಬ್ಬನ್ ಸಾಹೇಬರು ಎಂದು ಹೆಸರು. ಯಾವುದಕ್ಕಾದರೂ ರಿಬ್ಬನ್ ಕಟ್ಟಿದ್ದರೆ ಸಾಕು, ಕತ್ತರಿಸಲು ಕೈ ತುರಿಸುತ್ತದೆ. ಕತ್ತರಿಯನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಕೆಟ್ಟವರಲ್ಲ, ಆತುರದವರು. ಸಭೆ ಕರೆದು ಅವರು ಹೇಳಿದ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ.

‘ಹೊರಗಿನಿಂದ ಭಾರೀ ಜನ ಬರ್ತಿದ್ದಾರೆ. ಯಾರು ಅಂತ ಈಗ ಹೇಳಲ್ಲ, ಹೇಳಿದ್ರೆ ಪಕ್ಕದ ಊರಿನವರು ಹಾರಿಸ್ಕೊಂಡು ಹೋಗ್ತಾರೆ. ಅವರು ಬಂದಾಗ ಊರು ಊರಿನ ಥರ ಕಾಣ್ಬೇಕು. ಅದಕ್ಕೆ ಹೆದ್ದಾರಿ ಮುಂದೆ ಒಂದು ಕಮಾನು ಹಾಕಿಸೋಣ. ಶಾಲೆ ಸೂರಿನ ಹಣ ಹೇಗೂ ಬಂದಿದೆ.’

ದೊಡ್ಡ ಮೇಡಂ ಎದ್ದು ನಿಂತರು. ‘ಸಾರ್, ಮಕ್ಕಳ ಸೂರು...’

‘ಮೇಡಂ, ನಾನು ಬೇಡ ಅಂತೀನಾ? ಶಾಲೆಗೆ ಹಾಕಿದ್ದು ಫಲ ಕೊಡೋಕೆ ಹದಿನೈದು ವರ್ಷ ಬೇಕು. ಕಮಾನು ಹದಿನೈದು ದಿನದಲ್ಲಿ ಎದ್ದು ನಿಲ್ಲುತ್ತೆ. ಮೊದಲು ದೇಶದ ಆರ್ಥಿಕ ಭವಿಷ್ಯ, ಆಮೇಲೆ ಎಂಟನೇ ಕ್ಲಾಸು.’

ಜನ ಚಪ್ಪಾಳೆ ತಟ್ಟಿದರು. ಆರ್ಥಿಕ ಭವಿಷ್ಯ ಎಂದರೆ ಯಾರು ತಾನೆ ಬೇಡ ಎನ್ನುತ್ತಾರೆ? ಕಬ್ಬಿಣದ ಕೊಳವೆ, ಅದರ ಸುತ್ತ ತಗಡು, ತಗಡಿಗೆ ಹಳದಿ ಬಣ್ಣ. ಹೆದ್ದಾರಿಯಿಂದ ಊರಿಗೆ ತಿರುಗುವಲ್ಲಿ ಕಮಾನು ಎದ್ದಿತು. ದೊಡ್ಡ ಮೇಡಂ ಅದರ ಕೆಳಗೆ ಕಾಲಿಡುವುದಿಲ್ಲವೆಂದು ಹಠ ಹಿಡಿದು, ಅಂದಿನಿಂದ ಹಿಂದಿನ ಸಂದಿಯಿಂದಲೇ ಓಡಾಡತೊಡಗಿದರು. ನನಗೂ ಮೈ ಉರಿದುಹೋಗಿತ್ತು. ಆದರೆ ಕಮಾನಿನ ಮೇಲೆ ಬರೆಯುವ ಕೆಲಸ ನನ್ನ ಗಂಡನಿಗೇ ಬಂದಿತ್ತು. ಉರಿದ ಮೈಯಲ್ಲೇ ಸುಮ್ಮನಿದ್ದೆ.

ಏನು ಬರೆಯಬೇಕೆಂದು ಅಧ್ಯಕ್ಷರು ಫೋನಿನಲ್ಲಿ ಹೇಳಿದರು. ಗಿರಣಿ ತುಂಬು ವೇಗದಲ್ಲಿತ್ತು.

‘ಪೇಂಟರ್ ಎಲ್ಲಿ?’

‘ಏಣಿ ಮೇಲಿದ್ದಾರೆ. ನಂಗೆ ಹೇಳಿ, ಬರ್ಕೋತೀನಿ.’

ಅವರು ಹೇಳಿದರು. ಕೊನೆಯ ‘...ಕೆದಾರರಿಗೆ ಸ್ವಾಗತ’ ಮಾತ್ರ ಕೇಳಿಸಿತು.

‘ಯಾರಿಗೆ ಸ್ವಾಗತ? ಏನ್ ದಾರರು?’

‘ಹೂ! ಹೂವಿನ ಹೂ!’

‘ಹೂ ಆಯ್ತು. ಆಮೇಲೆ?’

ಆಮೇಲಿನ ಅಕ್ಷರವನ್ನು ಅವರು ಮೂರು ಸಲ ಕೂಗಿದರು. ಮೂರು ಸಲವೂ ಗಿರಣಿ ಅದನ್ನು ಬೀಸಿಹಾಕಿತು. ನನ್ನ ಕಿವಿಗೆ ಬಿದ್ದದ್ದು ಳಿ. ಹೂಳಿಕೆದಾರರಿಗೆ ಸ್ವಾಗತ. ಬರೆದುಕೊಂಡೆ. ಬರೆದು ನೋಡಿದಾಗ ನನ್ನ ಮುಖ ಅರಳಿತು. ಯಾಕೆಂದರೆ ಗಿರಣಿಯ ಹಿಂದಿನ ದೊಡ್ಡ ಮೋರಿಯಲ್ಲಿ ಹೂಳು ತುಂಬಿ ಆರು ವರ್ಷ. ಗಬ್ಬು ನಾತ. ಹೂಳೆತ್ತಿಸಿ, ಹೂಳೆತ್ತಿಸಿ ಎಂದು ಪುರಸಭೆಗೆ ಹನ್ನೊಂದು ಅರ್ಜಿ ಕೊಟ್ಟಿದ್ದೆ. ಅಂತೂ ನನ್ನ ಅರ್ಜಿಗೆ ಬೆಲೆ ಬಂತು, ಅಧ್ಯಕ್ಷರು ಗುಟ್ಟಾಗಿಟ್ಟಿದ್ದ ಭಾರೀ ಜನ ಎಂದರೆ ಹೂಳೆತ್ತುವ ದೊಡ್ಡ ಕಂಟ್ರಾಕ್ಟರುಗಳೇ ಎಂದು ನನಗೆ ಖಾತ್ರಿಯಾಯಿತು. ಹೂಳು ತೆಗೆಯುವವರು ಹೂಳಿಕೆದಾರರು. ಸರಿಯಾಗಿಯೇ ಇದೆಯಲ್ಲ?

ಮಾರನೇ ದಿನ ನನ್ನ ಗಂಡ ಏಣಿ ಹತ್ತಿದರು. ಚೀಟಿ ಹಿಡಿದು ಕೆಳಗೆ ನಿಂತವಳು ಮಗಳು. ನಾನು ಅವರಿಗೆ ನೀರು ಕೊಡಲು ಹೋದಾಗ ಅವಳು ಚೀಟಿಯನ್ನೇ ದಿಟ್ಟಿಸುತ್ತಿದ್ದಳು.

‘ಅಮ್ಮ, ಇದು ಹೂಳಿಕೆ ಅಲ್ಲ. ಹೂಡಿಕೆ ಇರ್ಬೇಕು.’

‘ಹೂಡಿಕೆ ಅಂದ್ರೆ?’

‘ಮುಂದೆ ಫಲ ಬರ್ಲಿ ಅಂತ ಈಗ ದುಡ್ಡು ಹಾಕೋದು. ಸಮಾಜದ ಪುಸ್ತಕದಲ್ಲಿದೆ.’

‘ನಮ್ಮೂರಿಗೆ ದುಡ್ಡು ಹಾಕೋಕೆ ಯಾರು ಬರ್ತಾರೆ, ತಲೆಕೆಟ್ಟವರಾ? ಇದು ಮೋರಿ ವಿಷಯ. ನಿಂಗೆ ಗೊತ್ತಾಗಲ್ಲ.’

‘ಹೂಳೋದು ಅಂದ್ರೆ ಮಣ್ಣು ಮುಚ್ಚೋದಮ್ಮ. ಹೂಳಿಕೆದಾರರು ಅಂದ್ರೆ...’

‘ಏಯ್! ನನ್ನ ನಾಲ್ಕನೇ ಕ್ಲಾಸು ನಿನ್ನ ಏಳಕ್ಕೆ ಸಮ ಕಣೇ. ನಮ್ಮ ಕಾಲದಲ್ಲಿ ಬೆತ್ತ ಹಿಡ್ಕೊಂಡು ಕಲಿಸ್ತಿದ್ರು. ಬಾಯಿ ಮುಚ್ಕೊಂಡು ಚೀಟಿ ಹಿಡಿ.’

ಅವಳು ಬಾಯಿ ಮುಚ್ಚಿಕೊಂಡಳು. ಈಗ ನೆನೆಸಿಕೊಂಡರೆ ನನ್ನ ಬಾಯಿಗೇ ಬೀಗ ಹಾಕಬೇಕಿತ್ತು. ಮೇಲೆ ಅವರಂತೂ ತಮ್ಮ ಪಾಡಿಗೆ ಹಾಡು ಗುನುಗುತ್ತಾ, ಕಾಲು ಮಡಚಿ ಕೂತವನಿಗೆ ಒಂದು ಗುಡಿಸು ತಗುಲಿಸಿ ಚೆಂದ ಮಾಡುತ್ತಿದ್ದರು. ಅವರು ಬರೆದ ಅಕ್ಷರಗಳಲ್ಲೇ ಅಷ್ಟು ಸುಂದರವಾದ ಳಿ ಇನ್ನೊಂದಿಲ್ಲ.

ಹದಿಮೂರು ದಿನ ಅದು ಅಲ್ಲಿತ್ತು. ಊರೆಲ್ಲ ಅದರ ಕೆಳಗೆ ಹಾದುಹೋಯಿತು. ಆಹಾ ಎಂದಿತು, ಓಹೋ ಎಂದಿತು. ಅಧ್ಯಕ್ಷರು ರಿಬ್ಬನ್ ಕತ್ತರಿಸಿ, ಸೊಂಟಕ್ಕೆ ಕೈ ಇಟ್ಟುಕೊಂಡು ಅದರ ಕೆಳಗೆ ಫೋಟೋ ತೆಗೆಸಿಕೊಂಡರು. ‘ಬೊಂಬಾಟ್ ಬರೆದಿದ್ದೀಯ ಪೇಂಟರೇ’ ಎಂದು ಬೆನ್ನು ತಟ್ಟಿದರು. ಶಾಲೆಯ ಮಕ್ಕಳು ಮಾತ್ರ ಅದರ ಕೆಳಗೆ ಬಂದಾಗಲೆಲ್ಲ ಕಿಸಕಿಸ ನಗುತ್ತಿದ್ದವು. ಕಮಾನು ನೋಡಿ ಖುಷಿಯಾಗಿದೆ ಪಾಪ ಎಂದುಕೊಂಡೆವು.

ಹದಿನಾಲ್ಕನೇ ದಿನ ಕಾರು ಬಂತು. ಬೆಳಗ್ಗೆ ಹನ್ನೊಂದರ ಬಿಸಿಲು. ಊರಿಗೆ ಊರೇ ಕಮಾನಿನ ಹತ್ತಿರ ನಿಂತಿತ್ತು, ನಾನು ಗಿರಣಿ ನಿಲ್ಲಿಸಿ ಹೋಗಿದ್ದೆ. ಯಾರು ಬಂದರೆಂದು ಅಧ್ಯಕ್ಷರು ಆಗ ಬಾಯಿಬಿಟ್ಟರು. ಔಷಧಿ ಬಾಟಲಿ ತುಂಬಿ, ಚೀಟಿ ಅಂಟಿಸಿ ಕಳಿಸುವ ಕಂಪನಿಯವರು, ನಮ್ಮೂರಿನಲ್ಲಿ ಕಾರ್ಖಾನೆ ಹಾಕಲು ಜಾಗ ನೋಡುತ್ತಾರೆ, ಮುನ್ನೂರು ಜನಕ್ಕೆ ಕೆಲಸ. ನನ್ನ ಮೋರಿಯ ಆಸೆ ಅಲ್ಲೇ ಮುರಿದುಬಿತ್ತು. ಮಗಳು ನನ್ನ ಮುಖ ನೋಡಿದಳು. ನಾನು ಕಮಾನು ನೋಡಿದೆ. ಅಯ್ಯೋ ಎಂದು ನಾಲಿಗೆ ಕಚ್ಚಿಕೊಂಡೆ.

ಕಾರಿನಿಂದ ಒಬ್ಬ ಹೆಂಗಸು ಇಳಿದರು. ನನ್ನದೇ ವಯಸ್ಸು, ಸಾದಾ ಉಡುಪು, ಹೆಗಲಿಗೆ ಚೀಲ. ತಲೆಯೆತ್ತಿ ನೋಡಿದವರು ಅಲ್ಲೇ ನಿಂತು ಬಾಯಿಗೆ ಕೈ ಅಡ್ಡ ಹಿಡಿದರು. ಅವರ ಭುಜ ಕುಲುಕುತ್ತಿತ್ತು.

‘ಅಧ್ಯಕ್ಷರೇ, ನಮ್ಮನ್ನ ಎಲ್ಲಿ ಹೂಳ್ಬೇಕು ಅಂತಿದ್ದೀರಿ? ಅಥವಾ ನಾವೇ ಯಾರನ್ನಾದ್ರೂ ಹೂಳ್ಬೇಕಾ?’

ಅಧ್ಯಕ್ಷರು ತಲೆಯೆತ್ತಿ ಬಹಳ ಹೊತ್ತು ನೋಡಿದರು. ತುಟಿ ಅಲ್ಲಾಡಿಸಿದರು. ‘ಯಾಕೆ ಮೇಡಂ, ಸರಿಯಾಗೇ ಇದೆಯಲ್ಲ? ಹಳದಿ ಇಷ್ಟ ಆಗ್ಲಿಲ್ವಾ?’

‘ಹೂಳಿಕೆದಾರರಿಗೆ ಸ್ವಾಗತ ಅಂತಿದೆ.’

ಅಧ್ಯಕ್ಷರ ಮುಖದ ಬಣ್ಣ ಇಳಿಯಿತು. ಜೇಬು ತಡಕಿದರು. ‘ನನ್ನ ಕನ್ನಡಕ...’ ಎನ್ನುತ್ತಲೇ ಗಿರಕ್ಕನೆ ತಿರುಗಿ, ‘ಎಲ್ಲಯ್ಯಾ ಪೇಂಟರ್? ಬಾ ಇಲ್ಲಿ! ಏನು ಗೀಚಿದ್ದೀಯ? ಊರಿನ ಮಾನ ಹರಾಜು ಹಾಕಿದೆಯಲ್ಲಯ್ಯಾ! ಇನ್ಮೇಲೆ ಈ ಊರಲ್ಲಿ ಬ್ರಷ್ ಹಿಡಿದ್ರೆ ನೋಡು! ಮೇಡಂ ಹೇಳಿದ್ದು ಸರಿಯಾ ಇಲ್ವಾ, ನೀನೇ ಓದು, ಎಲ್ಲರಿಗೂ ಕೇಳೋ ಹಾಗೆ ಓದು!’ ಎಂದು ಕೂಗಿದರು.

ನನ್ನ ಗಂಡ ಮುಂದೆ ಬಂದರು. ಕೈ ತಾನಾಗಿಯೇ ಜೇಬಿಗೆ ಹೋಯಿತು. ಡಬ್ಬಿ ಹೊರಗೆ ಬಂತು. ಈಗ ಕನ್ನಡಕ ಮರೆತೆ ಎನ್ನುತ್ತಾರೆ, ನಾವು ಹೇಗೋ ಪಾರಾಗುತ್ತೇವೆ ಎಂದುಕೊಂಡೆ. ಅಷ್ಟರಲ್ಲಿ ಅವರು ಮಗಳನ್ನು ನೋಡಿದರು. ಏನಾಯಿತೋ ಗೊತ್ತಿಲ್ಲ, ಆ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ತೆರೆದು ಹಿಡಿದರು.

‘ಇದು ಯಾವಾಗ್ಲೂ ಖಾಲೀನೇ ಸಾರ್. ನಂಗೆ ಓದೋಕೆ ಬರಲ್ಲ. ಬಿಡಿಸೋಕೆ ಬರುತ್ತೆ, ಅಷ್ಟೇ.’

ಇಷ್ಟು ವರ್ಷ ಊರಿಗೆಲ್ಲ ಬೋರ್ಡು ಬರೆದ ಮನುಷ್ಯ ಖಾಲಿ ಡಬ್ಬಿ ಹಿಡಿದು ಬಿಸಿಲಲ್ಲಿ ನಿಂತಿದ್ದ. ನನಗೆ ತಡೆಯಲಾಗಲಿಲ್ಲ.

‘ಅವರನ್ನ ಯಾಕೆ ಬೈತೀರಿ? ಬರೆದುಕೊಟ್ಟವಳು ನಾನು! ಮಗಳು ತಪ್ಪು ಅಂದ್ಲು, ಅವಳ ಬಾಯಿ ಮುಚ್ಚಿಸಿದವಳೂ ನಾನೇ! ಬೈಯೋದಿದ್ರೆ ನಂಗೆ ಬೈಯಿರಿ!’ ಎಂದೆ. ನನ್ನ ಗಂಟಲು ಹೇಳಿದ್ದೆನಲ್ಲ, ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿಯವನೂ ಬ್ರೇಕ್ ಹಾಕಿದ.

ಕಂಪನಿ ಮೇಡಂ ಈಗ ನಗುತ್ತಿರಲಿಲ್ಲ. ‘ಬರೆದವರನ್ನ ಬಿಡಿ. ಇದು ಎಷ್ಟು ದಿನದಿಂದ ಇಲ್ಲಿದೆ?’

‘ಹದಿಮೂರು’ ಎಂದರು ಯಾರೋ.

‘ಹದಿಮೂರು ದಿನ ಯಾರೂ ಓದ್ಲಿಲ್ವಾ?’ ಅವರು ಚೀಲದಿಂದ ಹೆಬ್ಬೆರಳಿನಷ್ಟು ಚಿಕ್ಕ ಬಾಟಲಿ ತೆಗೆದು ಮುಂದಿನ ಸಾಲಿನವರಿಗೆ ಕೊಟ್ಟರು. ‘ಇದರ ಮೇಲೆ ಏನಿದೆ ಹೇಳಿ ನೋಡೋಣ. ನಮ್ಮಲ್ಲಿ ದಿನಾ ಮಾಡೋ ಕೆಲಸ ಇದೇ. ಒಂದಕ್ಷರ ತಪ್ಪಿದ್ರೆ ಎಲ್ಲೋ ಒಂದು ಮಗುವಿಗೆ ದೊಡ್ಡವರ ಔಷಧಿ ಹೋಗುತ್ತೆ.’

ಬಾಟಲಿ ಕೈಯಿಂದ ಕೈಗೆ ಹೋಯಿತು. ಆ ದಿನದಷ್ಟು ಕನ್ನಡಕಗಳು ಮನೆಯಲ್ಲಿ ಉಳಿದ ದಿನ ಇನ್ನೊಂದಿಲ್ಲ. ಒಬ್ಬರ ಕನ್ನಡಕ ಒಡೆದಿತ್ತು, ಒಬ್ಬರದನ್ನು ಹೆಂಡತಿ ಹಾಕಿಕೊಂಡು ತವರಿಗೆ ಹೋಗಿದ್ದಳು. ಪುರಸಭೆಯ ಗುಮಾಸ್ತರು ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡೇ ಕನ್ನಡಕ ತಂದಿಲ್ಲ ಎಂದರು. ನನ್ನ ಕೈಗೂ ಬಂತು. ಓದಲು ಹೊರಟೆ. ಸಣ್ಣ ಅಕ್ಷರ, ಒತ್ತಕ್ಷರದ ಮೇಲೆ ಒತ್ತಕ್ಷರ. ನನ್ನ ನಾಲ್ಕನೇ ಕ್ಲಾಸು ಎರಡನೇ ಪದದಲ್ಲೇ ಎಡವಿ ಬಿತ್ತು.

ಕೊನೆಗೆ ಮಗಳು ಕೈ ಚಾಚಿ ಇಸಿದುಕೊಂಡಳು. ಗಡಗಡನೆ ಓದಿದಳು. ಯಾವ ಕಾಯಿಲೆಗೆ, ದಿನಕ್ಕೆ ಎಷ್ಟು ಸಲ, ಯಾರು ಕುಡಿಯಬಾರದು, ಮಕ್ಕಳ ಕೈಗೆ ಸಿಗದಂತೆ ಎಲ್ಲಿಡಬೇಕು, ಎಲ್ಲ. ಓದಿ ಮುಗಿಸಿ, ‘ಮೇಡಂ, ಈ ತಾರೀಖು ಹೋದ ತಿಂಗಳೇ ಮುಗಿದಿದೆ’ ಎಂದಳು.

ಕಂಪನಿ ಮೇಡಂ ಬಾಟಲಿ ಇಸಿದುಕೊಂಡು ನೋಡಿ, ‘ಹೌದಲ್ಲ!’ ಎಂದರು. ಅವರ ಕಣ್ಣು ಮೊದಲ ಸಲ ಬೆಳಗಿತು. ‘ಯಾವ ಕ್ಲಾಸಮ್ಮ?’

‘ಏಳು.’

‘ಮುಂದೆ?’

‘ಮುಂದೆ ಇಲ್ಲ ಮೇಡಂ. ಎಂಟನೇ ಕ್ಲಾಸಿಗೆ ಗೋಡೆ ಇದೆ, ಸೂರಿಲ್ಲ.’ ಅವಳು ಮೇಲಕ್ಕೆ ಬೆರಳು ತೋರಿಸಿದಳು. ‘ಸೂರು ಇದೇ.’

ಹಳದಿ ತಗಡು ಬಿಸಿಲಿಗೆ ಟಿಣ್ ಟಿಣ್ ಎಂದು ಬಿರಿಯುತ್ತಿತ್ತು. ಕಂಪನಿ ಮೇಡಂ ಮಗಳನ್ನು ನೋಡಿದರು, ಕಮಾನು ನೋಡಿದರು, ಅಧ್ಯಕ್ಷರನ್ನು ನೋಡಿದರು.

‘ಹಾಗಾದ್ರೆ ಬೋರ್ಡ್ ಸರಿಯಾಗೇ ಇದೆ ಬಿಡಿ’ ಎಂದರು. ‘ಹೂಡೋ ಹಣವನ್ನ ಹೂಳಿಬಿಟ್ಟಿದ್ದೀರಿ.’

ಅಧ್ಯಕ್ಷರು ಜಾಗ ಕೊಡುತ್ತೇವೆ, ನೀರು ಕೊಡುತ್ತೇವೆ, ರಸ್ತೆ ಹಾಕಿಸುತ್ತೇವೆ ಎಂದು ಕಾರಿನವರೆಗೂ ಬೆನ್ನು ಬಿದ್ದರು. ಆಕೆ ಬಾಗಿಲು ಹಿಡಿದುಕೊಂಡು, ‘ಎಲ್ಲಾ ಕೊಡ್ತೀರಿ ಸಾರ್. ಓದೋರನ್ನ ಎಲ್ಲಿಂದ ತರ್ಲಿ? ಆ ಹುಡುಗಿ ಥರದವರು ನೂರು ಜನ ಇದ್ದಾಗ ಹೇಳಿ, ನಾನೇ ಓಡಿ ಬರ್ತೀನಿ’ ಎಂದರು. ಕಾರ್ಖಾನೆ ಬರಲಿಲ್ಲ. ಇನ್ನೆಲ್ಲೋ ಹೋಯಿತು. ಮುನ್ನೂರು ಜನರ ಕೆಲಸ ಒಂದಕ್ಷರದ ಮೇಲೆ ಹೋಯಿತು ಎಂದು ಜನ ನನ್ನ ಗಂಡನಿಗೆ ಶಾಪ ಹಾಕಿದರು. ಒಂದಕ್ಷರದ ಮೇಲಲ್ಲ ಮಾರಾಯರೇ, ಅದನ್ನು ಓದಲಾರದ ಮುನ್ನೂರು ಜನರ ಮೇಲೆ ಎಂದು ನಾನು ಜಗಳಕ್ಕೆ ನಿಂತೆ.

ಸಂಜೆ ಹಿಂದಿನ ಸಂದಿಯಿಂದ ದೊಡ್ಡ ಮೇಡಂ ಮನೆಗೆ ಹೋದೆ. ಹೂಡಿಕೆ ಎಂದರೆ ಏನೆಂದು ಸರಿಯಾಗಿ ಕೇಳಬೇಕಿತ್ತು. ಮಗಳನ್ನು ಕೇಳಲು ಮುಖವಿರಲಿಲ್ಲ.

‘ನೀನು ಒಲೆ ಹೂಡಿಲ್ವಾ?’ ಎಂದರು ಅವರು. ‘ಮೂರು ಕಲ್ಲಿಟ್ಟು?’

‘ಹೂಡಿದ್ದೀನಿ.’

‘ಹೂಡಿದ ತಕ್ಷಣ ಹೊಟ್ಟೆ ತುಂಬಿತಾ?’

‘ಅದು ಹೇಗೆ ತುಂಬುತ್ತೆ? ಕಲ್ಲು ತಿನ್ನೋಕಾಗುತ್ತಾ?’

‘ಒಲೆ ಹೂಡದೆ ತುಂಬುತ್ತಾ?’

ಇಷ್ಟು ದಿನ ಆ ಪದ ನನ್ನ ಅಡುಗೆಮನೆಯಲ್ಲೇ ಕೂತಿತ್ತು. ನಾನು ಮೋರಿಯಲ್ಲಿ ಹುಡುಕಿದ್ದೆ.

ಇನ್ನು ಕಮಾನಿನ ಕಥೆ. ಪಕ್ಕದ ಊರಿನವರು ಬಸ್ಸು ಮಾಡಿಕೊಂಡು ಬಂದು ಅದರ ಕೆಳಗೆ ಫೋಟೋ ತೆಗೆಸಿಕೊಳ್ಳಲು ಶುರುಮಾಡಿದರು. ಮೂರನೇ ದಿನಕ್ಕೆ ಅಧ್ಯಕ್ಷರು ತಡೆಯಲಾರದೆ, ‘ಅದನ್ನ ಬಿಚ್ಚಿ ಗೋಡೌನಿಗೆ ಹಾಕಿ!’ ಎಂದು ಕೂಗಾಡಿದರು. ಗೋಡೌನ್ ಎಂದರೆ ಯಾವುದು? ಶಾಲೆಯ ಹಿಂದಿನ ಎರಡು ಕೋಣೆಯೇ. ತಗಡುಗಳು ಬಂದಾಗ ದೊಡ್ಡ ಮೇಡಂ ಬಾಗಿಲಲ್ಲೇ ನಿಂತಿದ್ದರು. ‘ಒಳಗೆ ಕುರ್ಚಿ, ಕಂಬ ತುಂಬಿದೆ, ಜಾಗ ಇಲ್ಲ. ಮೇಲೆ ಇಡಿ’ ಎಂದರು. ಮೇಲೆ ಇಟ್ಟರು. ಗಾಳಿಗೆ ಹಾರಬಾರದಲ್ಲ ಎಂದು ಅದೇ ಕಬ್ಬಿಣದ ಕೊಳವೆಗೆ ಬಿಗಿಯಾಗಿ ಬೋಲ್ಟ್ ಹಾಕಿಸಿದರು. ಎರಡೂ ಕೋಣೆ ಮುಚ್ಚಿಹೋಯಿತು. ಮರುದಿನ ಕಂಬ, ಕುರ್ಚಿಗಳನ್ನು ಹೊರಗಿಡಿಸಿ, ಸೂರಿರುವ ಕೋಣೆಯಲ್ಲಿ ಪಾಠ ಮಾಡಬಹುದೆಂದು ನಿಯಮವಿದೆ ಎಂದು ಪುರಸಭೆಗೆ ಪತ್ರ ಬರೆದರು. ಅಧ್ಯಕ್ಷರು ಅರ್ಧ ದಿನ ಹಾರಾಡಿದರು. ಆಮೇಲೆ, ‘ಅಕ್ಷರ ಕೆಳಮುಖ ಮಾಡಿ ಹಾಕ್ಸಿ. ವಿಮಾನದಲ್ಲಿ ಹೋಗೋರೂ ಓದ್ಬಾರದು’ ಎಂದರು. ಎಂಟನೇ ಕ್ಲಾಸಿನ ರಿಬ್ಬನ್ನನ್ನೂ ಅವರೇ ಕತ್ತರಿಸಿದರು, ಕತ್ತರಿ ಜೇಬಿನಲ್ಲೇ ಇತ್ತಲ್ಲ.

ಮೊದಲ ಹಾಜರಿ ನನ್ನ ಮಗಳದೇ. ‘ಬಂದಿದ್ದೀನಿ ಮೇಡಂ’ ಎಂದು ಅವಳು ಕೂಗಿದ್ದು ಗಿರಣಿಗೆ ಕೇಳಿಸಿತು ಎಂದು ಎಲ್ಲರಿಗೂ ಹೇಳುತ್ತೇನೆ. ಸುಳ್ಳು, ಕೇಳಿಸಿರಲಿಲ್ಲ. ಆದರೂ ಹೇಳುತ್ತೇನೆ.

ಸಂಜೆ ಐದೂವರೆಗೆ ಅದೇ ಕೋಣೆಯಲ್ಲಿ ದೊಡ್ಡವರ ಪಾಠ ಶುರುವಾಯಿತು. ಮೊದಲ ದಿನ ಬಂದವರು ನನ್ನ ಗಂಡ ಒಬ್ಬರೇ. ಮಕ್ಕಳ ಬೆಂಚಿನಲ್ಲಿ ಮಂಡಿ ಎದೆಗೆ ತಾಗುವಂತೆ ಕೂತಿದ್ದರು. ಎರಡನೇ ವಾರಕ್ಕೆ ಹದಿನೆಂಟು ಜನ. ಅಧ್ಯಕ್ಷರೂ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ತಪಾಸಣೆಗೆ ಬಂದಿದ್ದೇನೆ ಎಂದರು. ದಿನಾ ಸ್ಲೇಟು ಹಿಡಿದುಕೊಂಡು ತಪಾಸಣೆಗೆ ಬರುತ್ತಾರೆ.

ನಾಲ್ಕು ತಿಂಗಳಾಗಿತ್ತು. ಒಂದು ಸಂಜೆ ಗಿರಣಿ ನಿಲ್ಲಿಸುವ ಹೊತ್ತಿಗೆ ನನ್ನ ಗಂಡ ಓಡಿಬಂದರು. ಮೂಗಿನ ಮೇಲೆ ನೀಲಿ ಬಣ್ಣ. ‘ಬಾರೇ, ಬಾ ಒಂದು ನಿಮಿಷ’ ಎಂದು ಕೈ ಹಿಡಿದು ಎಳೆದುಕೊಂಡೇ ಹೋದರು. ಎಂಟನೇ ಕ್ಲಾಸಿನ ಕೋಣೆ. ನಡುವೆ ಬೆಂಚಿನ ಮೇಲೆ ಬೆಂಚು, ಅದರ ಮೇಲೆ ಏಣಿ. ಮಗಳು ಏಣಿ ಹಿಡಿದು ನಿಂತಿದ್ದಳು. ಅವಳ ಕೈಯಲ್ಲಿ ಚೀಟಿ ಇರಲಿಲ್ಲ.

‘ದಿನಾ ಪಾಠಕ್ಕೆ ಕೂತಾಗ ಮೇಲೆ ನೋಡ್ತಿದ್ದೆ’ ಎಂದರು ಅವರು. ‘ನಿನ್ನೆ ನೋಡ್ತಾ ನೋಡ್ತಾ ಅದೇ ಓದಿಸ್ಕೊಂಡುಬಿಡ್ತು ಕಣೇ. ಹೂ-ಳಿ-ಕೆ ಅಂತ. ನಂಗೇ ಗೊತ್ತಾಯ್ತು ತಪ್ಪು ಅಂತ. ಯಾರೂ ಹೇಳ್ಲಿಲ್ಲ. ಇವತ್ತು ಕಾಲು ಮಡಚಿ ಕೂತವನನ್ನ ಎಬ್ಬಿಸಿದೆ.’

ತಲೆಯೆತ್ತಿದೆ. ಹಳದಿ ಸೂರಿನ ಉದ್ದಕ್ಕೂ ಅವರ ದೊಡ್ಡ ನೀಲಿ ಅಕ್ಷರಗಳು. ಎರಡನೆಯದು ಮಾತ್ರ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಕೆಳಗೆ ಮೂವತ್ತೆರಡು ಖಾಲಿ ಬೆಂಚು, ನಾಳೆ ಬೆಳಗ್ಗೆ ತುಂಬುವಂಥವು.

‘ನಿನ್ನ ಚೀಟಿ ಇಲ್ದೆ ಬರೆದಿದ್ದು ಇದೇ ಮೊದ್ಲು’ ಎಂದರು ಅವರು. ನನ್ನ ಮುಖವನ್ನೇ ನೋಡುತ್ತಿದ್ದರು. ‘ಓದೇ. ಸರಿ ಇದೆಯಾ?’

ಓದಲು ನೋಡಿದೆ. ಅಕ್ಷರಗಳೆಲ್ಲ ಒಂದರೊಳಗೊಂದು ಕಲಸಿಹೋದವು. ಸೆರಗಿನಿಂದ ಒರೆಸಿಕೊಂಡೆ, ಮತ್ತೆ ಕಲಸಿದವು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ದನಿ ಪಕ್ಕದಲ್ಲಿದ್ದವರಿಗೂ ಕೇಳಿಸದಷ್ಟು ಸಣ್ಣಗಾಗಿತ್ತು.

‘ನೀವೇ ಓದಿ ಹೇಳ್ರೀ’ ಎಂದೆ. ‘ನನ್ನ ಕನ್ನಡಕ ಮನೇಲಿದೆ.’